ಕರೆಂಟ್ ಹೋದರೆ ಏನ್ ಮಾಡ್ತೀರಿ?

ಏನೂ ಮಾಡಲ್ಲ. ನಿಮ್ಮ ಹಾಗೆ ನಾನೂ ಕತ್ತಲಲ್ಲಿ ಬೆಂಕಿಪೊಟ್ಟಣ ತಡಕುತ್ತೇನೆ.

ಉತ್ತರ ಇಷ್ಟೇ. ನಾಲ್ಕು ವರ್ಷದಿಂದ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದರ ಲಿಂಕ್ ಕಳಿಸಿ ಮೊಬೈಲ್ ಪಕ್ಕಕ್ಕಿಡುತ್ತೇನೆ.

ನನಗೆ ಪಾರ್ಕಿನ್ಸನ್ಸ್ ಕಾಯಿಲೆ ಇದೆ. ಐವತ್ತೆರಡನೇ ವಯಸ್ಸಿಗೆ ಬಲಗೈ ಹೆಬ್ಬೆರಳಿನ ನಡುಕದಿಂದ ಶುರುವಾದದ್ದು. ಮಾತ್ರೆಯಲ್ಲಿ ಒಂಬತ್ತು ವರ್ಷ ನಡೆಯಿತು. ಆಮೇಲೆ ಮಾತ್ರೆ ಕೆಲಸ ಮಾಡಿದಾಗ ಮೈ ಕುಣಿಯುತ್ತಿತ್ತು, ಮಾತ್ರೆ ಇಳಿದಾಗ ಕಂಬದ ಹಾಗೆ ನಿಂತುಬಿಡುತ್ತಿದ್ದೆ. ಕೊನೆಗೆ ಬೆಂಗಳೂರಿನಲ್ಲಿ ತಲೆಬುರುಡೆಗೆ ಎರಡು ತೂತು ಕೊರೆದು ಎರಡು ವೈರು ಇಳಿಸಿದರು. ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಡಿಬಿಎಸ್ ಅನ್ನುತ್ತಾರೆ, ಮಿದುಳಿನ ಆಳಕ್ಕೆ ಸಣ್ಣ ಕರೆಂಟ್ ಕೊಡುವ ಚಿಕಿತ್ಸೆ. ವೈರು ಕಿವಿಯ ಹಿಂದಿನಿಂದ ಚರ್ಮದ ಒಳಗೇ ಇಳಿದು ಎದೆಯ ಮೇಲ್ಭಾಗದ ಒಂದು ಪುಟ್ಟ ಡಬ್ಬಿಗೆ ಸೇರುತ್ತದೆ.

ಇದನ್ನು ಜನ ಹೇಗೆ ಕೇಳುತ್ತಾರೆ ಗೊತ್ತಾ? ‘ತಲೆಗೆ ಕರೆಂಟ್ ತಗೊಂಡಿದ್ದೀರಂತೆ?’ ನಾನೇನೋ ಅರ್ಜಿ ಬರೆದು, ಡಿಪಾಸಿಟ್ ಕಟ್ಟಿ ಕನೆಕ್ಷನ್ ತಗೊಂಡ ಹಾಗೆ. ಅದರ ಮೇಲೆ ನಾನು ಮೂವತ್ತನಾಲ್ಕು ವರ್ಷ ಕೆಇಬಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೆಇಬಿ 1999ರಲ್ಲೇ ಹೋಗಿ ಕೆಪಿಟಿಸಿಎಲ್ ಆಯಿತು, ಆಮೇಲೆ ಅದರಿಂದ ಎಸ್ಕಾಂಗಳು ಒಡೆದುಕೊಂಡವು. ಆದರೂ ಜನರ ಬಾಯಲ್ಲಿ ಕೆಇಬಿಯೇ. ‘ಕೆಇಬಿ ಸಾಹೇಬ್ರು ತಲೆಗೇ ಲೈನ್ ಎಳೆಸ್ಕೊಂಡ್ರು’ ಅನ್ನುವ ಜೋಕು ನಾನು ನೂರು ಸಲ ಕೇಳಿದ್ದೇನೆ. ಹೇಳಿದ ಪ್ರತಿಯೊಬ್ಬನೂ ತನಗೇ ಮೊದಲು ಹೊಳೆದದ್ದು ಅಂದುಕೊಂಡಿದ್ದಾನೆ.

ನನ್ನ ಡಿಪಾರ್ಟ್‌ಮೆಂಟಿನ ಭಾಷೆಯಲ್ಲೇ ಹೇಳುತ್ತೇನೆ, ಕೇಳಿ. ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ನನ್ನ ತಲೆಗೆ ಹೋಗುವುದು ಮೂರು ವೋಲ್ಟ್ ಆಸುಪಾಸು, ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ ಎರಡು ಸೇರಿಸಿದಷ್ಟು. ಸೆಕೆಂಡಿಗೆ 130 ಸಲ ಮಿಡಿಯುತ್ತದೆ. ವೈರಿನ ದಪ್ಪ 1.27 ಮಿಲಿಮೀಟರ್. ಅದರ ತುದಿ ಇರುವ ಜಾಗ ಅವರೆಕಾಳಿನಷ್ಟು, ಹೆಸರು ಸಬ್‌ಥಲಾಮಿಕ್ ನ್ಯೂಕ್ಲಿಯಸ್. ಬ್ಯಾಟರಿ ಎದೆಯಲ್ಲೇ ಇದೆ. ಕಂಬದ ಮೇಲಿನ ಲೈನಿಗೂ ನನಗೂ ಸಂಬಂಧವಿಲ್ಲ. ಅಂದರೆ, ಹೆಚ್ಚಿನ ಮಟ್ಟಿಗೆ ಇಲ್ಲ. ಅದನ್ನು ಕೊನೆಗೆ ಹೇಳುತ್ತೇನೆ.

ನನ್ನ ಸಿಟ್ಟಿಗೆ ಕಾರಣ ಒಂದು ಮದುವೆ. ಮೇ ತಿಂಗಳು, ಸಾಗರದಲ್ಲಿ, ಅಣ್ಣನ ಮಗಳ ಮದುವೆ. ಪಂಕ್ತಿಯಲ್ಲಿ ಕೂತಿದ್ದೆವು. ಬಡಿಸುವವರು ಹೋಳಿಗೆ ಹಿಡಿದು ಬರುತ್ತಿದ್ದರು. ಕರೆಂಟ್ ಹೋಯಿತು. ಫ್ಯಾನು ನಿಂತಿತು. ಮರುಕ್ಷಣ ಇಡೀ ಸಾಲು ನನ್ನ ಕಡೆ ತಿರುಗಿತು. ಯಾರೂ ಮುಖ ನೋಡಲಿಲ್ಲ. ಕೈ ನೋಡಿದರು. ಕೈಯಲ್ಲಿ ತಂಬುಳಿ ಲೋಟ.

ಎರಡು ಸೆಕೆಂಡು ಸುಮ್ಮನಿದ್ದೆ. ಆಮೇಲೆ ಏನು ಹೊಕ್ಕಿತೋ, ಬೇಕಂತಲೇ ಕೈ ಗಡಗಡ ನಡುಗಿಸಿದೆ. ಅರ್ಧ ತಂಬುಳಿ ಎಲೆಯ ಮೇಲೆ. ಎದುರು ಸಾಲಿನ ಹುಡುಗ ‘ಅಮ್ಮಾ, ಅಜ್ಜಂದೂ ಕರೆಂಟ್ ಹೋಯ್ತು!’ ಅಂತ ಕಿರುಚಿದ. ಜನರೇಟರ್ ಶುರುವಾಗುವವರೆಗೂ ನಕ್ಕೆ. ನನ್ನ ಹೆಂಡತಿ ನಗಲಿಲ್ಲ. ಅವಳ ನೋಟದಲ್ಲಿ ಮಾತ್ರ ಅವತ್ತು 11 ಕೆವಿ ಇತ್ತು.

ಅದೇ ಊಟದಲ್ಲಿ ಪಕ್ಕ ಕೂತಿದ್ದ ನನ್ನ ಷಡ್ಡಕ ಕೇಳಿದ: ‘ಭಾವ, ಇವಳಿಗೂ ಕೈ ನಡುಗೋಕೆ ಶುರುವಾಗಿದೆ. ನಿಮ್ಮ ಥರ ಹಾಕಿಸ್ಬೋದಾ? ಎಷ್ಟಾಗುತ್ತೆ?’ ‘ಹತ್ತು ಲಕ್ಷದ ಮೇಲಾಗುತ್ತೆ, ಮೊದಲು ಹೋಳಿಗೆ ತಿನ್ನು’ ಅಂದೆ. ಜೋಕಿನ ಗುಂಗಿನಲ್ಲಿದ್ದೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಈ ಚಿಕಿತ್ಸೆ ನಿನ್ನೆ ಮೊನ್ನೆಯದಲ್ಲ. ಮೊದಲು ನಡುಕಕ್ಕೆ ಕಾರಣವಾದ ಜಾಗವನ್ನು ಸುಟ್ಟುಬಿಡುತ್ತಿದ್ದರು. ಸುಡುವ ಮೊದಲು ಜಾಗ ಸರಿಯಾಗಿದೆಯಾ ಅಂತ ನೋಡಲು ಸ್ವಲ್ಪ ಕರೆಂಟ್ ಹರಿಸುತ್ತಿದ್ದರು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಂ ಲೂಯಿ ಬೆನಬಿದ್ ಅನ್ನುವ ಸರ್ಜನ್ ಫ್ರೀಕ್ವೆನ್ಸಿ ಏರಿಸುತ್ತಾ ಹೋದರು. ನೂರರ ಹತ್ತಿರ ಬಂದಾಗ ನಡುಕ ನಿಂತೇಹೋಯಿತು. ಹಾಗಾದರೆ ಸುಡುವುದೇಕೆ, ಕರೆಂಟನ್ನೇ ಬಿಟ್ಟಿಟ್ಟರಾಯಿತು ಅಲ್ವಾ? ಅಲ್ಲಿಂದ ಶುರು. ಈಗ ಇನ್ನೂ ಮುಂದೆ ಹೋಗಿದೆ. ಮಿದುಳಿನ ಒಂದು ಬಗೆಯ ಅಲೆ, ಸೆಕೆಂಡಿಗೆ 13ರಿಂದ 30 ಸಲ ಏರಿಳಿಯುವಂಥದ್ದು, ಜಾಸ್ತಿಯಾದಾಗ ಮೈ ಬಿಗಿಯುತ್ತದೆ. ಹೊಸ ಡಬ್ಬಿಗಳು ಆ ಅಲೆಯನ್ನು ಅಳೆದು, ಬೇಕಾದಷ್ಟೇ ಕರೆಂಟ್ ಕೊಡುತ್ತವೆ. ಸ್ಟೆಬಿಲೈಜರ್ ಇದ್ದ ಹಾಗೆ. 2025ರ ಫೆಬ್ರವರಿಯಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ನನ್ನ ಡಬ್ಬಿಗೆ ಆ ಬುದ್ಧಿ ಇಲ್ಲ. ಹಗಲೂ ರಾತ್ರಿ ಒಂದೇ ಲೋಡ್.

‘ಎಚ್ಚರ ಇರುವಾಗಲೇ ಕೊರೆದರಂತೆ, ನೋವಾಗಲಿಲ್ವಾ?’ ಮಿದುಳಿಗೆ ನೋವು ಗೊತ್ತಾಗಲ್ಲ. ಕೊರೆಯುವ ಸದ್ದು ಮಾತ್ರ ಹಲ್ಲಿನವರೆಗೂ ಬರುತ್ತದೆ. ಆಮೇಲೆ ನನ್ನ ನರಕೋಶಗಳ ಸದ್ದನ್ನು ಸ್ಪೀಕರಿಗೆ ಹಾಕಿ ಕೇಳಿದರು. ಸ್ಟೇಷನ್ ಸಿಗದ ರೇಡಿಯೋ ಥರ ಗೊರಗೊರ. ಮಳೆಗಾಲದಲ್ಲಿ ಹಳೇ ಇನ್ಸುಲೇಟರ್ ಮಾಡುವ ಸದ್ದೂ ಇದೇ. ಮನೆಗೆ ಬಂದ ಹಾಗನ್ನಿಸಿತು.

ಇಷ್ಟು ಹೇಳಿದ ಮೇಲೆ ಜನ ಖುಷಿಯಿಂದ ಎದ್ದು ಹೋಗುತ್ತಾರೆ. ತಲೆ, ವೈರು, ಕರೆಂಟು. ಅಲ್ಲಿಗೆ ಕಥೆ ಮುಗಿಯಿತು.

ನನ್ನ ಹೊಟ್ಟೆ ಹೇಗಿದೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ನಲವತ್ತನೇ ವಯಸ್ಸಿನಿಂದಲೇ ನನಗೆ ಮೋಷನ್ ಸರಿಯಾಗಿ ಆಗುತ್ತಿರಲಿಲ್ಲ. ಕಂಬ ಹತ್ತಿಸಿ, ಹೊತ್ತಲ್ಲದ ಹೊತ್ತಿಗೆ ಊಟ ಮಾಡುವ ಕೆಲಸ, ಅದಕ್ಕೇ ಇರಬೇಕು ಅಂದುಕೊಂಡೆ. ಇಸಬ್ಗೋಲು, ತ್ರಿಫಲಾ, ಬಾಳೆಹಣ್ಣು. ಆಮೇಲೆ ವಾಸನೆ ಹೋಯಿತು. ಹಲಸಿನಹಣ್ಣು ಮನೆಯೊಳಗೆ ಕೊಳೆಯುತ್ತಿದ್ದರೂ ಗೊತ್ತಾಗುತ್ತಿರಲಿಲ್ಲ. ಹನ್ನೆರಡು ವರ್ಷದ ನಂತರ ಹೆಬ್ಬೆರಳು ನಡುಗಿತು. ಇವೆಲ್ಲ ಒಂದೇ ಕಾಯಿಲೆಯ ಬಾಲ, ತಲೆ ಅಂತ ಆಗ ಯಾರಿಗೆ ಗೊತ್ತು.

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಆರು ಜನರನ್ನು ನೋಡಿ ಬರೆದ. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡದ್ದಷ್ಟೇ. ಆದರೂ ಕರುಳು ಜಡವಾಗುವ ಮಾತು ಅದರಲ್ಲಿದೆ. 2003ರಲ್ಲಿ ಜರ್ಮನಿಯ ಹೈಕೊ ಬ್ರಾಕ್, ಇದು ಎಷ್ಟೋ ಜನರಲ್ಲಿ ಹೊಟ್ಟೆಯಲ್ಲೇ ಶುರುವಾಗಿ ವೇಗಸ್ ನರ ಹಿಡಿದು ಮಿದುಳಿಗೆ ಏರುತ್ತಿರಬಹುದು ಅಂದರು. ಹೊಟ್ಟೆ ಸಬ್‌ಸ್ಟೇಷನ್, ವೇಗಸ್ ಲೈನು, ಮಿದುಳು ಊರು ಅಂತ ನಾನು ಅರ್ಥ ಮಾಡಿಕೊಂಡೆ. ಹಿಂದೆ ಹುಣ್ಣಿನ ಕಾಯಿಲೆಗೆ ಆ ನರವನ್ನೇ ಕತ್ತರಿಸುತ್ತಿದ್ದರು. ಡೆನ್ಮಾರ್ಕಿನವರು 2015ರಲ್ಲಿ ಹಳೇ ದಾಖಲೆ ತೆಗೆದು ನೋಡಿದರೆ, ನರ ಪೂರ್ತಿ ಕತ್ತರಿಸಿಕೊಂಡವರಲ್ಲಿ ಪಾರ್ಕಿನ್ಸನ್ಸ್ ಕಮ್ಮಿ. ಎಲ್ಲರಲ್ಲೂ ಹೊಟ್ಟೆಯಿಂದಲೇ ಶುರು ಅಂತ ಇದರಿಂದ ಹೇಳಲಾಗದು. ಮಲಬದ್ಧತೆ ಇದ್ದವರೆಲ್ಲ ಹೆದರಬೇಕಾಗಿಯೂ ಇಲ್ಲ. ಹಾಗಿದ್ದರೆ ಅರ್ಧ ಊರು ನಡುಗಬೇಕಿತ್ತು.

ಆರೋಗ್ಯವಂತರ ಮಲವನ್ನು ಶುದ್ಧ ಮಾಡಿ ರೋಗಿಯ ಕರುಳಿಗೆ ಸೇರಿಸಿಯೂ ನೋಡಿದ್ದಾರೆ. (ಊಟದ ಹೊತ್ತಿನಲ್ಲಿ ಓದುತ್ತಿದ್ದರೆ ಕ್ಷಮಿಸಿ.) 2024ರಲ್ಲಿ ಬೆಲ್ಜಿಯಂನವರು ವರ್ಷದ ನಂತರ ಸ್ವಲ್ಪ ಸುಧಾರಣೆ ಕಂಡಿತು ಅಂದರು. ಅದೇ ವರ್ಷ ಫಿನ್ಲೆಂಡಿನವರು ಏನೂ ವ್ಯತ್ಯಾಸವಿಲ್ಲ ಅಂದರು. ನನ್ನ ವಾಟ್ಸಾಪಿಗೆ ಬಂದದ್ದು ಬೆಲ್ಜಿಯಂ ಸುದ್ದಿ ಮಾತ್ರ, ಹನ್ನೊಂದು ಸಲ.

ಮಾತ್ರೆಯ ಕಥೆಯೂ ಹೊಟ್ಟೆಯದೇ. ನಾನು ತಗೊಳ್ಳುವ ಲೆವೊಡೋಪಾ ಕರುಳಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಬೇಕು. ಹೆಸರುಕಾಳಿನ ಉಸಲಿ ಜೊತೆಗೆ ನುಂಗಿದರೆ ಕಾಳಿನ ಪ್ರೋಟೀನೇ ದಾರಿಗೆ ಅಡ್ಡ ಬರುತ್ತದೆ. 2019ರಲ್ಲಿ ಅಮೆರಿಕದ ಸಂಶೋಧಕರು, ಕರುಳಿನ ಕೆಲವು ಬ್ಯಾಕ್ಟೀರಿಯಾ ಈ ಔಷಧವನ್ನು ದಾರಿಯಲ್ಲೇ ಬೇರೆ ವಸ್ತುವಾಗಿ ಬದಲಾಯಿಸಿಬಿಡುತ್ತವೆ ಅಂತ ತೋರಿಸಿದರು. ನಮ್ಮ ಕಡೆ ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟ್ ಕದಿಯುತ್ತಿದ್ದರಲ್ಲ, ಅದೇ. ‘ನಸುಗುನ್ನಿ ಬೀಜ ತಗೊಳ್ಳಿ, ಸೈಡ್ ಎಫೆಕ್ಟ್ ಇಲ್ಲ’ ಅನ್ನುವವರಿಗೆ ಒಂದು ಮಾತು. ಆ ಬೀಜದಲ್ಲಿರುವುದೂ ಲೆವೊಡೋಪಾನೇ. 1937ರಲ್ಲೇ ಮದ್ರಾಸಿನಲ್ಲಿ ಬೇರ್ಪಡಿಸಿ ತೋರಿಸಿದ್ದಾರೆ. ಔಷಧ ಒಂದೇ ಆದಮೇಲೆ ಸೈಡ್ ಎಫೆಕ್ಟ್ ಮಾತ್ರ ಎಲ್ಲಿಗೆ ಹೋಗುತ್ತದೆ?

ಈಗ ನನ್ನ ನಾದಿನಿಯ, ಅಂದರೆ ಆ ಷಡ್ಡಕನ ಹೆಂಡತಿಯ ವಿಷಯ. ದೀಪಾವಳಿ ಕಳೆದು ನಾಲ್ಕು ದಿನ ಇರಲು ಶಿವಮೊಗ್ಗದಿಂದ ಬಂದಿದ್ದಳು. ಬಸ್ಸಿಳಿದು ಅಂಗಳ ದಾಟುವಾಗ ನೋಡಿದೆ. ಪುಟ್ಟ ಪುಟ್ಟ ಹೆಜ್ಜೆ, ಬೀಸದ ಕೈ. ಮುಖದಲ್ಲಿ ನಗು ಬರುವುದಕ್ಕೇ ತಡ. ಆ ಮುಖ ನನಗೆ ಗೊತ್ತು, ಒಂಬತ್ತು ವರ್ಷ ಕನ್ನಡಿಯಲ್ಲಿ ನೋಡಿದ್ದೇನೆ. ಆದರೆ ಒಂದು ವ್ಯತ್ಯಾಸ. ನನ್ನದು ಒಂದೇ ಕೈಯಿಂದ ಶುರುವಾದದ್ದು. ಅವಳಿಗೆ ಎರಡೂ ಕೈ ಒಟ್ಟಿಗೆ.

ಬೆಳಿಗ್ಗೆ ತಿಂಡಿಗೆ ಮೊದಲು ಒಂದು ಕ್ಯಾಪ್ಸೂಲ್ ನುಂಗಿದಳು. ‘ಅದೇನು ಮಾರಾಯ್ತಿ?’ ‘ಗ್ಯಾಸಿಂದು ಭಾವ, ಏನಿಲ್ಲ.’ ಶೀಟು ಕೊಡು ಅಂದೆ. ಕನ್ನಡಕ ಹಾಕಿ ಓದಿದೆ. ರಾಬೆಪ್ರಜೋಲ್, ಅದರ ಜೊತೆ ಲೆವೊಸಲ್ಪಿರೈಡ್. ಡಾಕ್ಟರು ಬರೆದದ್ದು ಹದಿನೈದು ದಿನಕ್ಕೆ. ಇವಳು ಮೆಡಿಕಲ್ ಶಾಪಿನಲ್ಲಿ ಖಾಲಿ ಶೀಟು ತೋರಿಸಿ ತೋರಿಸಿ ಹದಿನಾಲ್ಕು ತಿಂಗಳು ತಿಂದಿದ್ದಾಳೆ.

ಡೋಪಮೈನ್ ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ. ಲೆವೊಸಲ್ಪಿರೈಡ್ ಅದಕ್ಕೆ ಬಾಗಿಲು ಮುಚ್ಚುವ ಔಷಧ. ಹೊಟ್ಟೆಯಲ್ಲಿ ಮುಚ್ಚಿದರೆ ಊಟ ಬೇಗ ಕೆಳಗಿಳಿಯುತ್ತದೆ, ಉಬ್ಬರ ಕಮ್ಮಿ. ಆದರೆ ಅದು ಮಿದುಳಿಗೂ ಹೋಗುತ್ತದೆ. ಅಲ್ಲೂ ಬಾಗಿಲು ಮುಚ್ಚಿದರೆ? ಪಾರ್ಕಿನ್ಸನ್ಸ್ ಅಂದರೆ ಮಿದುಳಿನಲ್ಲಿ ಡೋಪಮೈನ್ ಸಾಲದಿರುವುದೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಹೀಗೇ. ಅಮೆರಿಕ 2009ರಲ್ಲಿ ಅದಕ್ಕೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಯುರೋಪು 2013ರಲ್ಲಿ ಐದು ದಿನ ದಾಟಬೇಡಿ ಅಂದಿತು. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ತಲೆನೋವು ಬರದ ಹಾಗೆ ಕೊಡುವ ಫ್ಲುನರಿಜಿನ್ ಸಹ ತಿಂಗಳುಗಟ್ಟಲೆ ತಗೊಂಡರೆ ಇದೇ ಪಟ್ಟಿಗೆ ಸೇರುತ್ತವೆ. ಇವು ಕೆಟ್ಟ ಔಷಧಗಳಲ್ಲ. ಹದಿನೈದು ದಿನದ್ದನ್ನು ಹದಿನಾಲ್ಕು ತಿಂಗಳು ತಿನ್ನುವುದು ಕೆಟ್ಟದ್ದು. ಇದನ್ನು ಓದಿ ಮನೆಯಲ್ಲಿರುವ ಮಾತ್ರೆ ಎಲ್ಲ ಎಸೆಯಬೇಡಿ ಮಾರಾಯ್ರೆ, ಶೀಟು ಹಿಡಿದು ಡಾಕ್ಟರ ಹತ್ತಿರ ಹೋಗಿ.

ನಾವೂ ಹಾಗೇ ಹೋದೆವು. ನರರೋಗದ ಡಾಕ್ಟರು ಮಾತ್ರೆ ನಿಲ್ಲಿಸಿದರು, ಕಾಯಿರಿ ಅಂದರು. ಯುಗಾದಿ ಹೊತ್ತಿಗೆ ರಂಗೋಲಿ ಹಾಕಿದಳು. ಎಲ್ಲರಿಗೂ ಹೀಗೆ ಪೂರ್ತಿ ವಾಸಿ ಆಗಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಮದುವೆಯ ಊಟದಲ್ಲಿ ‘ಏನೇನು ಮಾತ್ರೆ ತಗೋತಾಳೆ?’ ಅಂತ ನಾನೊಂದು ಮಾತು ಕೇಳಿದ್ದರೆ ಆರು ತಿಂಗಳು ಉಳಿಯುತ್ತಿತ್ತು. ತಂಬುಳಿ ಚೆಲ್ಲುವುದರಲ್ಲಿ ಇದ್ದೆನಲ್ಲ.

ಆಮೇಲೆ ಒಂದು ಕೆಲಸ ಮಾಡಿದೆ. ಔಷಧದಿಂದ ತೊಂದರೆಯಾದರೆ ತಿಳಿಸಲು ನಮ್ಮ ದೇಶದಲ್ಲಿ 2010ರಿಂದ ಒಂದು ವ್ಯವಸ್ಥೆ ಇದೆ. ಗಾಜಿಯಾಬಾದಿನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ನೋಡಿಕೊಳ್ಳುತ್ತದೆ. ಡಾಕ್ಟರೇ ಆಗಬೇಕಿಲ್ಲ, ಯಾರು ಬೇಕಾದರೂ 1800-180-3024ಕ್ಕೆ ಹೇಳಬಹುದು. ನಾದಿನಿ ಪಕ್ಕ ಕೂತಳು, ನಾನು ಫಾರಂ ತುಂಬಿದೆ. ನನ್ನ ಅಕ್ಷರ ಈಗ ಇರುವೆ ಸಾಲು, ಡಿಬಿಎಸ್ ಅದನ್ನು ಸರಿಮಾಡಲಿಲ್ಲ. ಮಾತು ಮೆಲ್ಲಗಾದದ್ದನ್ನೂ ಸರಿಮಾಡಲಿಲ್ಲ, ಮೋಷನ್ನನ್ನಂತೂ ಇಲ್ಲವೇ ಇಲ್ಲ. ಇನ್ನೊಂದು, ಶರಾವತಿ ಹಿನ್ನೀರಿಗೆ ಇಳಿಯುವುದನ್ನೂ ಬಿಟ್ಟಿದ್ದೇನೆ. ಚೆನ್ನಾಗಿ ಈಜುತ್ತಿದ್ದ ಒಂಬತ್ತು ಜನ ಈ ಆಪರೇಷನ್ ಆದಮೇಲೆ ಈಜು ಮರೆತದ್ದನ್ನು ಜ್ಯೂರಿಚ್‌ನ ಡಾಕ್ಟರುಗಳು 2019ರಲ್ಲಿ ಬರೆದಿದ್ದಾರೆ. ಇದನ್ನೂ ಯಾರೂ ಕೇಳಲ್ಲ.

ಸರಿ, ಕರೆಂಟಿನ ವಿಷಯ. ನನ್ನದು ಚಾರ್ಜ್ ಮಾಡುವ ಬ್ಯಾಟರಿ. ವಾರಕ್ಕೊಮ್ಮೆ ಹೆಗಲಿಗೆ ಪಟ್ಟಿ ಹಾಕಿ, ಎದೆಯ ಮೇಲೆ ಚಾರ್ಜರ್ ಇಟ್ಟುಕೊಂಡು ಕೂರಬೇಕು. ಆ ಚಾರ್ಜರಿಗೆ ಗೋಡೆಯ ಕರೆಂಟೇ ಬೇಕು. ಕಳೆದ ಆಷಾಢದಲ್ಲಿ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ. ನಾನು ಸೆಕ್ಷನ್ ಆಫೀಸಿಗೆ ಎಲ್ಲ ಗ್ರಾಹಕರ ಹಾಗೇ ಫೋನ್ ಮಾಡಿದೆ. ‘ಗ್ಯಾಂಗ್ ಹೊರಟಿದೆ ಸಾರ್’ ಅಂದರು. ಆ ಉತ್ತರ ನಾನೇ ಮೂವತ್ತನಾಲ್ಕು ವರ್ಷ ಕೊಟ್ಟದ್ದು, ಅದರ ಅರ್ಥ ನನಗೆ ಗೊತ್ತು. ನಾಲ್ಕನೇ ದಿನ ಹೆಂಡತಿ ಚಾರ್ಜರನ್ನು ಬಟ್ಟೆ ಚೀಲಕ್ಕೆ ಹಾಕಿ ಶಿವಮೊಗ್ಗದ ಬಸ್ ಹತ್ತಿಸಿದಳು.

ಷಡ್ಡಕ ಬಾಗಿಲಲ್ಲೇ ಚೀಲ ಇಣುಕಿ ನೋಡಿದ. ಆ ಪ್ರಶ್ನೆಯನ್ನು ಅವನೂ ಕಮ್ಮಿಯೆಂದರೆ ಹತ್ತು ಸಲ ಕೇಳಿದವನೇ. ಏನೂ ಅನ್ನದೆ ಪ್ಲಗ್ ತೋರಿಸಿದ, ನಗು ತಡೆಯುತ್ತಿದ್ದ ಅಷ್ಟೇ. ನಾದಿನಿ ಅಂಚಿನವರೆಗೂ ತುಂಬಿದ ಕಾಫಿ ಲೋಟ ತಂದುಕೊಟ್ಟಳು, ಒಂದು ಹನಿ ತುಳುಕಲಿಲ್ಲ.