ಎಂಟು ಮನೆ ಆಚೆ, ಮೂರು ಮನೆ ಮೇಲೆ

ಹೋದ ತಿಂಗಳು ನಮ್ ಕೆಳಗಡೆ ಮನೆ ಹುಡುಗಿ ಮೇಲೆ ಬಂದು "ಅಕ್ಕ, ನಿಮಗೂ ಗ್ರಾಫಿಕ್ಸ್ ಲ್ಯಾಬ್ ಇತ್ತಲ್ವಾ, ಪ್ರೋಗ್ರಾಂಗಳ ಪಿಡಿಎಫ್ ಏನಾದ್ರೂ ಇಟ್ಕೊಂಡಿದ್ದೀರಾ" ಅಂತ ಕೇಳಿದ್ಳು. ಇದೆ. ಹಳೇ ಹಾರ್ಡ್ ಡಿಸ್ಕಲ್ಲಿ ಎಲ್ಲಾ ಹಾಗೇ ಇದೆ, ವಾಟ್ಸಾಪಲ್ಲಿ ಕಳಿಸಿದ್ರೆ ಎರಡು ನಿಮಿಷದ ಕೆಲಸ. ಆದ್ರೆ ಯಾಕೋ ಕೊಡೋಕೆ ಮನಸ್ಸು ಬರ್ಲಿಲ್ಲ. ಪಿಡಿಎಫ್ ಆಮೇಲೆ ಕೊಡ್ತೀನಿ, ಮೊದ್ಲು ಗಾಂಧಿ ಬಜಾರಿಗೆ ಹೋಗಿ ಒಂದು ಗ್ರಾಫ್ ಬುಕ್ ತಗೊಂಡ್ಬಾ ಅಂದೆ. ಅವಳ ಮುಖ ಸಪ್ಪಗಾಯ್ತು, ಪಾಪ, ಇಂಟರ್ನಲ್ಸ್ ಹತ್ರ ಬಂದಿತ್ತು.

ಯಾಕೆ ಹಾಗಂದೆ ಅಂತ ಬರೀಬೇಕು ಅನ್ನಿಸ್ತು, ಅದಕ್ಕೇ ಈ ಪೋಸ್ಟು.

ನಾನು ಓದಿದ ಕಾಲೇಜಲ್ಲಿ ಗ್ರಾಫಿಕ್ಸ್ ಲ್ಯಾಬ್, ಕಂಪ್ಯೂಟರಲ್ಲಿ ಚಿತ್ರ ಬರೆಸೋ ಲ್ಯಾಬು, ಅಂದ್ರೆ ಹತ್ತು ಪ್ರೋಗ್ರಾಂ. ಸಿಯರ್ಪಿನ್ಸ್ಕಿ ಗ್ಯಾಸ್ಕೆಟ್ (ತ್ರಿಕೋನದೊಳಗೆ ತ್ರಿಕೋನ), ಬಣ್ಣದ ಕ್ಯೂಬ್ ತಿರುಗಿಸೋದು, ಕೋಹೆನ್ ಸದರ್ಲ್ಯಾಂಡ್ ಕ್ಲಿಪ್ಪಿಂಗು (ಚೌಕಟ್ಟಿನಾಚೆ ಹೋದ ಗೆರೆ ಕತ್ತರಿಸೋದು), ಟೇಬಲ್ ಮೇಲೆ ಟೀಪಾಟ್ ಇಡೋದು, ಹೀಗೆ. ಎಕ್ಸಾಮಲ್ಲಿ ಚೀಟಿ ಎತ್ತಬೇಕು, ಬಂದಿದ್ದನ್ನ ಬರೆದು ರನ್ ಮಾಡಿ ತೋರಿಸ್ಬೇಕು. ಹತ್ತನ್ನೂ ಬಾಯಿಪಾಠ ಮಾಡ್ಬಿಟ್ರೆ ಆಯ್ತು ಅಂತ ಸೀನಿಯರ್ಸೂ ಹೇಳ್ತಿದ್ರು, ಮೇಷ್ಟ್ರೂ ಹೇಳ್ತಿದ್ರು, ನಾನೂ ಹಾಗೇ ಮಾಡ್ದೆ, ಸೆಮಿಕೋಲನ್ ಎಲ್ಲೆಲ್ಲಿ ಬರುತ್ತೆ ಅಂತ ಸಮೇತ. ಎಕ್ಸಾಮಲ್ಲಿ ಕ್ಯೂಬ್ ಬಂತು, ತಿರುಗ್ತು. ಆಮೇಲೆ ವೈವಾ. ಹೊರಗಿನಿಂದ ಬಂದಿದ್ದ ಮೇಡಂ ಒಬ್ರು ನನ್ನ ಕೋಡ್ ಕಡೆ ನೋಡ್ಲೇ ಇಲ್ಲ, ಒಂದು ಹಾಳೆ ಮೇಲೆ ಎರಡು ಚುಕ್ಕಿ ಇಟ್ಟು, "ಇಲ್ಲಿಂದ ಇಲ್ಲಿಗೆ ಗೆರೆ ಎಳಿಬೇಕು, ಮಧ್ಯ ಯಾವ್ಯಾವ ಪಿಕ್ಸೆಲ್ ಹತ್ಕೊಳ್ಳುತ್ತೆ, ಹೇಗೆ ತೀರ್ಮಾನ ಮಾಡ್ತೀಯ" ಅಂದ್ರು. ನನಗೆ ಒಂದು ಮಾತೂ ಬರ್ಲಿಲ್ಲ. ಅವರು ಬೈಲಿಲ್ಲ, ಮಾರ್ಕ್ಸೂ ಪೂರ್ತಿ ಕೊಟ್ರು, ಅದೇ ನನಗೆ ಜಾಸ್ತಿ ನೋವಾಗಿದ್ದು.

ಆವತ್ತು ಸಾಯಂಕಾಲ ಸಿಲ್ಕ್ ಬೋರ್ಡ್ ಹತ್ರ ಟ್ರಾಫಿಕ್ಕಲ್ಲಿ ನಿಂತಿದ್ವಿ, ಮುಂದೆ ಒಂದು 500ಡಿ ಬಸ್ಸು, ಅದರ ಹಿಂದಿನ ಎಲ್‌ಇಡಿ ಬೋರ್ಡಲ್ಲಿ 'ಹೆಬ್ಬಾಳ' ಅಂತ ಕಿತ್ತಳೆ ಬಣ್ಣದಲ್ಲಿ ಬರ್ತಿತ್ತು. ದಿನಾ ನೋಡೋ ಬೋರ್ಡು. ಆವತ್ತು ಮಾತ್ರ ಕಣ್ಣು 'ಳ'ದ ಒಂದು ಓರೆ ಗೆರೆ ಮೇಲೆ ನಿಂತ್ಬಿಡ್ತು. ಆ ಓರೆ ಗೆರೆ ಗೆರೆನೇ ಅಲ್ಲ, ಮೆಟ್ಟಿಲು. ಮೂರು ದೀಪ ಅಡ್ಡಡ್ಡ, ಆಮೇಲೆ ಒಂದು ಸಾಲು ಮೇಲಕ್ಕೆ ಹತ್ತಿ ಮತ್ತೆ ಎರಡು ದೀಪ. ದೀಪ ಇರೋ ಜಾಗ ಮೊದಲೇ ಗಟ್ಟಿಯಾಗಿ ಕೂತಿದೆ, ಎರಡು ದೀಪದ ಮಧ್ಯ ಇನ್ನೊಂದು ದೀಪ ಇಡೋಕಾಗಲ್ಲ, ಗೆರೆ ಎಲ್ಲಿ ಹೋದ್ರೂ ಹತ್ತಿರದ ದೀಪನೇ ಹತ್ತಿಸ್ಬೇಕು. ಮೇಡಂ ಕೇಳಿದ್ದು ಇದನ್ನೇ. ನನ್ನ ಲ್ಯಾಪ್‌ಟಾಪ್ ಸ್ಕ್ರೀನೂ ಇದೇ ಬೋರ್ಡು, ದೀಪಗಳು ಸಣ್ಣವು ಅಷ್ಟೇ, ಪಿಕ್ಸೆಲ್ ಅಂದ್ರೆ ಅವೇ.

ಮನೆಗೆ ಬಂದು ತಮ್ಮನ ಗ್ರಾಫ್ ಬುಕ್ ಎತ್ಕೊಂಡು ಕೂತೆ. ಬ್ರೆಸೆನ್‌ಹ್ಯಾಮ್ ಅಲ್ಗಾರಿದಂ, ಅಂದ್ರೆ ಗೆರೆ ಎಳೆಯೋ ವಿಧಾನ, ನೋಟ್ಸಲ್ಲಿ ಇತ್ತು, ಫಾರ್ಮುಲಾ ಬಾಯಿಗೆ ಬರ್ತಿತ್ತು, ಕೈಯಲ್ಲಿ ಯಾವತ್ತೂ ಮಾಡಿರ್ಲಿಲ್ಲ. ಸೊನ್ನೆ ಸೊನ್ನೆಯಿಂದ ಶುರು, ಎಂಟು ಮನೆ ಆಚೆ ಮೂರು ಮನೆ ಮೇಲೆ ಮುಗಿಬೇಕು. ಲೆಕ್ಕ ಇಷ್ಟೇ: ಮೂರರ ಎರಡರಷ್ಟರಲ್ಲಿ ಎಂಟು ಕಳೆದ್ರೆ ಮೈನಸ್ 2, ಅದು ಶುರುವಿನ ಸಂಖ್ಯೆ. ಸಂಖ್ಯೆ ಮೈನಸ್ ಇದ್ರೆ ನೇರ ಪಕ್ಕದ ಮನೆಗೆ ಹೋಗು, 6 ಕೂಡು. ಸೊನ್ನೆನೋ ಪ್ಲಸ್ಸೋ ಆದ್ರೆ ಪಕ್ಕಕ್ಕೂ ಮೇಲಕ್ಕೂ ಹೋಗು, 10 ಕಳಿ. ಮೈನಸ್ 2, ಪಕ್ಕಕ್ಕೆ. 4, ಮೇಲಕ್ಕೂ. ಮೈನಸ್ 6, ಪಕ್ಕಕ್ಕೆ. 0, ಮೇಲಕ್ಕೂ. ಮೈನಸ್ 10, ಮೈನಸ್ 4, ಎರಡು ಸಲ ಪಕ್ಕಕ್ಕೆ. 2, ಮೇಲಕ್ಕೂ. ಮೈನಸ್ 8, ಪಕ್ಕಕ್ಕೆ, ಅಷ್ಟೊತ್ತಿಗೆ ಸರಿಯಾಗಿ ಎಂಟು ಮೂರಕ್ಕೆ ಬಂದು ನಿಂತಿತ್ತು. ಪೆನ್ಸಿಲ್ಲಲ್ಲಿ ಒಂದೊಂದೇ ಮನೆ ತುಂಬ್ತಾ ಹೋದ್ರೆ ಆ ಸಂಖ್ಯೆ ಏನು ಅಂತ ತಾನಾಗೇ ಗೊತ್ತಾಗುತ್ತೆ, ಅದು ಸಾಲದ ಲೆಕ್ಕ ಇದ್ದಂಗೆ. ನಿಜವಾದ ಗೆರೆ ನಿನಗಿಂತ ಎಷ್ಟು ಮೇಲೆ ಹೋಗಿದೆ ಅಂತ ಬರೆದಿಡ್ತಾ ಬರೋದು, ಅರ್ಧ ಮನೆ ದಾಟಿದ ತಕ್ಷಣ ಒಂದು ಮೆಟ್ಟಿಲು ಹತ್ತಿ ಬಾಕಿ ತೀರಿಸೋದು. ಎಲ್ಲೂ ಭಾಗಾಕಾರ ಇಲ್ಲ, ದಶಾಂಶ ಇಲ್ಲ, ಬರೀ ಪೂರ್ಣಾಂಕ ಕೂಡೋದು ಕಳೆಯೋದು.

ಜ್ಯಾಕ್ ಬ್ರೆಸೆನ್‌ಹ್ಯಾಮ್ ಇದನ್ನ 1962ರಲ್ಲಿ ಐಬಿಎಂನ ಸ್ಯಾನ್ ಹೋಸೆ ಲ್ಯಾಬಲ್ಲಿ ಮಾಡಿದ್ದು, ಪ್ರಕಟ ಆಗಿದ್ದು 1965ರಲ್ಲಿ. ಆಗ ಅವರ ಮುಂದೆ ಸ್ಕ್ರೀನೇ ಇರ್ಲಿಲ್ಲ, ಐಬಿಎಂ 1401 ಕಂಪ್ಯೂಟರಿಗೆ ಸಿಕ್ಕಿಸಿದ ಒಂದು ಪ್ಲಾಟರ್ ಇತ್ತು, ಅದರ ಪೆನ್ನು ಎಂಟು ದಿಕ್ಕಲ್ಲಿ ಒಂದೊಂದು ಪುಟಾಣಿ ಹೆಜ್ಜೆ ಇಡೋದು. ಪೆನ್ನಿಗೆ ಮುಂದಿನ ಹೆಜ್ಜೆ ಯಾವ ಕಡೆ ಅಂತ ಹೇಳೋಕೆ ಹುಟ್ಟಿದ ಲೆಕ್ಕ ನನ್ನ ತಮ್ಮನ ಗ್ರಾಫ್ ಬುಕ್ಕಲ್ಲಿ ಹೆಜ್ಜೆ ಹಾಕ್ತಿದೆ ಅನ್ಸಿದಾಗ ನಿಜವಾಗ್ಲೂ ಮೈ ಜುಮ್ ಅಂದಿತ್ತು.

ಅಲ್ಲಿಂದ ಒಂದೊಂದೇ ಪ್ರೋಗ್ರಾಂ ತೆಗೆದು ಪೇಪರ್ ಮೇಲೆ ಮಾಡೋಕೆ ಶುರು ಮಾಡ್ದೆ. ಎಕ್ಸಾಮ್ ಮುಗಿದು ಹೋಗಿತ್ತು, ರಜೆ.

ಮನೆ ತಿರುಗಿಸೋ ಪ್ರೋಗ್ರಾಂ ಒಂದಿತ್ತು. ಒಂದು ಗುಡಿಸಲಿನ ಚಿತ್ರ, ಅದನ್ನ ಕೊಟ್ಟ ಚುಕ್ಕಿ ಸುತ್ತ ತಿರುಗಿಸ್ಬೇಕು. ಲ್ಯಾಬಲ್ಲಿ ನನ್ನ ಮನೆ ಒಂದ್ಸಲ ಸ್ಕ್ರೀನ್ ಬಿಟ್ಟೇ ಹೋಗಿತ್ತು, ಕಪ್ಪು ಕಿಟಕಿ ಬಿಟ್ರೆ ಏನೂ ಇಲ್ಲ, ಪಕ್ಕದೋಳು ಎರಡು ಲೈನ್ ಮೇಲೆ ಕೆಳಗೆ ಮಾಡಿಕೊಟ್ಳು, ಸರಿಹೋಯ್ತು, ಯಾಕೆ ಅಂತ ಅವಳಿಗೂ ಗೊತ್ತಿರ್ಲಿಲ್ಲ. ಪೇಪರ್ ಮೇಲೆ ನೋಡಿ: ಚುಕ್ಕಿ 5, 2. ಸುಮ್ಮನೆ 90 ಡಿಗ್ರಿ ತಿರುಗಿಸಿದ್ರೆ ಮೈನಸ್ 2, 5ಕ್ಕೆ ಹೋಗುತ್ತೆ, ಯಾಕಂದ್ರೆ ರೊಟೇಟ್ ಅನ್ನೋದು ಯಾವಾಗ್ಲೂ ಸೊನ್ನೆ ಸೊನ್ನೆ ಸುತ್ತಾನೇ. ನಮಗೆ ಬೇಕಿರೋದು 4, 2ರ ಸುತ್ತ. ಹಾಗಾದ್ರೆ ಮೊದ್ಲು 4, 2ನ ಸೊನ್ನೆಗೆ ಎಳ್ಕೊಂಡು ಬಾ, ನಮ್ ಚುಕ್ಕಿ 1, 0 ಆಯ್ತು. ತಿರುಗಿಸು, 0, 1. ವಾಪಸ್ ಕಳಿಸು, 4, 3. ಮುಗೀತು. ಒಂದೇ ಒಂದು ತೊಡಕು ಅಂದ್ರೆ ಗ್ರಾಫಿಕ್ಸ್ ಲೈಬ್ರರಿ ಆದ ಹಳೇ ಓಪನ್‌ಜಿಎಲ್‌ನಲ್ಲಿ ಕೋಡಲ್ಲಿ ಕೊನೇಲಿ ಬರೆದಿದ್ದು ಚುಕ್ಕಿಗೆ ಮೊದ್ಲು ತಾಗುತ್ತೆ, ಅಂದ್ರೆ ವಾಪಸ್ ಕಳಿಸೋ ಸಾಲನ್ನ ಮೇಲೆ ಬರೀಬೇಕು, ಎಳ್ಕೊಂಡು ಬರೋ ಸಾಲನ್ನ ಕೆಳಗೆ. ಮ್ಯಾಟ್ರಿಕ್ಸ್ (ಸಂಖ್ಯೆಗಳ ಚೌಕ) ಗುಣಾಕಾರದಲ್ಲಿ ಚುಕ್ಕಿ ಬಲಗಡೆ ಕೂತಿರುತ್ತಲ್ಲ, ಅದಕ್ಕೆ ಹತ್ತಿರ ಇರೋರು ಮೊದ್ಲು ಮಾತಾಡಿಸ್ತಾರೆ. ನನ್ನ ಮನೆ ಓಡಿಹೋಗಿದ್ದು ಅದಕ್ಕೇ.

ಇಲ್ಲೇ ಇನ್ನೊಂದು ವಿಷಯ, ಇದು ಹೇಳ್ದೆ ಮುಂದಕ್ಕೆ ಹೋಗೋಕಾಗಲ್ಲ. ಎರಡು ಡೈಮೆನ್ಷನ್ನಿಗೆ ಮೂರು ಬೈ ಮೂರು ಮ್ಯಾಟ್ರಿಕ್ಸ್, ಮೂರಕ್ಕೆ ನಾಲ್ಕು ಬೈ ನಾಲ್ಕು, ಯಾಕೆ ಅಂತ ಕ್ಲಾಸಲ್ಲಿ ಕೇಳಿದ್ರೆ "ಹೋಮೋಜೀನಿಯಸ್ ಕೋಆರ್ಡಿನೇಟ್ಸ್" ಅಂತ ಹೆಸರು ಹೇಳಿ ಮುಂದೆ ಹೋಗ್ತಿದ್ರು. ಕಾರಣ ಒಂದೇ ಸಾಲು. ಸೊನ್ನೆ ಸೊನ್ನೆ ಚುಕ್ಕಿನ ಯಾವ ಎರಡು ಬೈ ಎರಡು ಮ್ಯಾಟ್ರಿಕ್ಸಿಂದ ಗುಣಿಸಿದ್ರೂ ಅದು ಅಲ್ಲೇ ಕೂತಿರುತ್ತೆ, ಸೊನ್ನೆನ ಏನರಿಂದ ಗುಣಿಸಿದ್ರೂ ಸೊನ್ನೆ ತಾನೆ. ತಿರುಗಿಸಬಹುದು, ದೊಡ್ಡದು ಮಾಡಬಹುದು, ಜಾಗ ಬಿಟ್ಟು ಕದಲಿಸೋಕೆ ಆಗಲ್ಲ. ಅದಕ್ಕೇ ಪ್ರತಿ ಚುಕ್ಕಿ ಜೊತೆ ಒಂದು 1 ಕಟ್ಟಿ ಕಳಿಸ್ತಾರೆ, ಆ 1ನ್ನ ಹಿಡ್ಕೊಂಡು ಜರುಗಿಸ್ತಾರೆ. ಚುಕ್ಕಿ ಬದ್ಲು ಬರೀ ದಿಕ್ಕು ಆಗಿದ್ರೆ 1ರ ಜಾಗದಲ್ಲಿ 0 ಇಡ್ತಾರೆ, ದಿಕ್ಕನ್ನ ಪಕ್ಕಕ್ಕೆ ಜರುಗಿಸಿದ್ರೂ ದಿಕ್ಕು ಬದಲಾಗಲ್ಲ, ಲೆಕ್ಕ ತಾನಾಗೇ ಸರಿಹೋಗುತ್ತೆ. ಪರ್ಸ್ಪೆಕ್ಟಿವ್‌ನಲ್ಲಿ ಅದೇ ಜಾಗಕ್ಕೆ ದೂರ ಬಂದು ಕೂರುತ್ತೆ, ಕೊನೇಲಿ ಅದ್ರಿಂದ ಭಾಗಿಸಿದ್ರೆ ಎರಡರಷ್ಟು ದೂರದ ಕಂಬ ಅರ್ಧ ಎತ್ತರ ಕಾಣುತ್ತೆ, ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್ ಪ್ಲಾಟ್‌ಫಾರಂ ತುದೀಲಿ ನಿಂತು ಹಳಿ ಕಡೆ ನೋಡಿದ್ರೆ ಕಾಣೋದು ಇದೇ. ಇಷ್ಟು ಸುಂದರವಾದ ವಿಷಯನ ಯಾರೂ ಹೇಳಿಕೊಡ್ಲಿಲ್ವಲ್ಲ ಅಂತ ನನಗೆ ಇವತ್ತಿಗೂ ಸಂಕಟ ಆಗುತ್ತೆ.

ಕ್ಲಿಪ್ಪಿಂಗು, ಪಾಲಿಗನ್ ತುಂಬೋದು ಇವೆಲ್ಲ ಒಂದೆರಡು ದಿನದಲ್ಲಿ ಮುಗೀತು, ಅವು ಕಷ್ಟ ಅಲ್ಲ.

ಬೆಳಕಿಗೆ ಮಾತ್ರ ಒಂದು ವಾರ ಹಿಡೀತು. ಅದನ್ನ ಅರ್ಥ ಮಾಡ್ಸಿದ್ದು ಅಡುಗೆಮನೆ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಕಟ್ಟೆ ಮೇಲೆ ಒಂದು ಸ್ಟೀಲ್ ಚೊಂಬು, ಪಕ್ಕದಲ್ಲಿ ಅಮ್ಮ ಮೊಸರಿಗೆ ಹೆಪ್ಪು ಹಾಕೋ ಮಣ್ಣಿನ ಕುಡಿಕೆ. ಎರಡೂ ಗುಂಡಗೇ ಇವೆ. ಕುಡಿಕೆ ಮೇಲೆ ಬೆಳಕು ಮೆತ್ತಗೆ ಹರಡಿದೆ, ದೀಪದ ಕಡೆ ಮುಖ ಮಾಡಿದ ಜಾಗ ಬೆಳಗಿದೆ, ವಾಲ್ತಾ ವಾಲ್ತಾ ಮಬ್ಬಾಗಿ ಆಮೇಲೆ ಕತ್ತಲು. ನಾನು ತಲೆ ಎಡಕ್ಕೆ ಬಲಕ್ಕೆ ಆಡಿಸಿದ್ರೂ ಆ ಮಬ್ಬು ಇದ್ದಲ್ಲೇ ಇರುತ್ತೆ. ಚೊಂಬಿನ ಮೇಲೆ ಒಂದು ಬಿಳಿ ಪಟ್ಟೆ ಮಿರಮಿರ ಅಂತಿದೆ, ಅದು ನಾನು ತಲೆ ಆಡಿಸಿದ ಹಾಗೆಲ್ಲ ಜೊತೇಲೇ ಜಾರುತ್ತೆ. ಮೊದಲನೇದು ಡಿಫ್ಯೂಸ್, ಅದಕ್ಕೆ ಮೇಲ್ಮೈ ಯಾವ ಕಡೆ ಮುಖ ಮಾಡಿದೆ, ದೀಪ ಎಲ್ಲಿದೆ, ಇಷ್ಟೇ ಸಾಕು, ಎರಡು ದಿಕ್ಕಿನ ಡಾಟ್ ಪ್ರಾಡಕ್ಟ್, ಅಂದ್ರೆ ಎರಡೂ ಎಷ್ಟು ಒಂದೇ ಕಡೆ ಇವೆ ಅನ್ನೋ ಲೆಕ್ಕ. ಎರಡನೇದು ಸ್ಪೆಕ್ಯುಲರ್, ಅದಕ್ಕೆ ನೋಡೋ ಕಣ್ಣು ಎಲ್ಲಿದೆ ಅಂತಲೂ ಬೇಕು. ಫಾರ್ಮುಲಾದಲ್ಲಿ ಒಂದು ಘಾತ ಇದೆಯಲ್ಲ, ಶೈನಿನೆಸ್, ಹಳೇ ಓಪನ್‌ಜಿಎಲ್‌ನಲ್ಲಿ 0ಯಿಂದ 128ರವರೆಗೆ ಕೊಡಬಹುದು, ಜಾಸ್ತಿ ಕೊಟ್ಟಷ್ಟೂ ಆ ಬಿಳಿ ಮಚ್ಚೆ ಚಿಕ್ಕದಾಗಿ ಚೂಪಾಗುತ್ತೆ, ಹೊಸದಾಗಿ ಉಜ್ಜಿದ ಚೊಂಬು. ಕಮ್ಮಿ ಮಾಡಿದ್ರೆ ಹರಡ್ಕೊಳ್ಳುತ್ತೆ, ಹಳೇ ಗೀರು ಬಿದ್ದ ಚೊಂಬು.

ಈ ಮಾಡೆಲ್ ಕೊಟ್ಟಿದ್ದು ಬೂಯ್ ಟುವಾಂಗ್ ಫಾಂಗ್ ಅಂತ ವಿಯೆಟ್ನಾಂನೋರು, ಯೂಟಾ ಯೂನಿವರ್ಸಿಟಿಲಿ 1973ರ ಪಿಎಚ್‌ಡಿ. ಲೇಖನ ಅಚ್ಚಾಗಿದ್ದು 1975ರಲ್ಲಿ, ಅದೇ ವರ್ಷ ತೀರ್ಕೊಂಡ್ರು. ಹುಟ್ಟಿದ್ದು 1942ರಲ್ಲಿ. ನಮ್ ನೋಟ್ಸಲ್ಲಿ ಫಾಂಗ್ ಅಂತ ಒಂದು ಪದ ಇತ್ತು ಅಷ್ಟೇ, ಅದೊಂದು ಮನುಷ್ಯನ ಹೆಸರು ಅಂತಾನೂ ನನಗೆ ಗೊತ್ತಿರ್ಲಿಲ್ಲ. ಆವತ್ತು ಆ ಚೊಂಬಿನ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಟೀಪಾಟೂ ಯೂಟಾದಿಂದಾನೇ ಬಂದಿದ್ದು. ಲ್ಯಾಬಲ್ಲಿ ಒಂದೇ ಲೈನಿಗೆ ಬಂದ್ಬಿಡುತ್ತಲ್ಲ ಆ ಟೀಪಾಟು, ಅದು ಮಾರ್ಟಿನ್ ನ್ಯೂವೆಲ್ ಅನ್ನೋ ಗ್ರಾಫಿಕ್ಸ್ ಸಂಶೋಧಕರ ಮನೇಲಿದ್ದ ನಿಜವಾದ ಟೀ ಪಾತ್ರೆ, 1975ರಲ್ಲಿ ಹೆಂಡತಿ ಸಲಹೆ ಮೇಲೆ ಅದನ್ನ ನೋಡ್ಕೊಂಡು ಗ್ರಾಫ್ ಪೇಪರ್ ಮೇಲೆ ಕೈಯಲ್ಲಿ ಗೆರೆ ಹಾಕಿ, ಆ ಪಾಯಿಂಟ್‌ಗಳನ್ನ ಕಂಪ್ಯೂಟರಿಗೆ ಹಾಕಿದ್ರು. ಮೊದಲ ಡೇಟಾದಲ್ಲಿ ತಳಾನೇ ಇರ್ಲಿಲ್ಲ. ಆ ಪಾತ್ರೆ ಈಗ ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಲ್ಲಿ ಇದೆ. ಗ್ರಾಫ್ ಪೇಪರ್ ಅನ್ನೋದನ್ನ ಓದಿದ ದಿನಾನೇ ನನ್ನ ತಮ್ಮನ ಬುಕ್ಕನ್ನ ನಾನೇ ಇಟ್ಕೊಂಡೆ, ಅವನಿಗೆ ಹೊಸದು ತಂದುಕೊಟ್ಟೆ.

ಸರಿ, ಕೆಳಗಡೆ ಮನೆ ಹುಡುಗಿ. ಮಾರನೇ ದಿನ ಬುಕ್ ತಗೊಂಡು ಬಂದ್ಳು, ಅದೇ ಎಂಟು ಮೂರರ ಗೆರೆ ಮಾಡ್ಸಿದೆ, ಅರ್ಧ ಗಂಟೇಲಿ ಹಿಡ್ಕೊಂಡ್ಳು. ಇನ್ನೂ ನಾಲ್ಕೈದು ಗೆರೆ ನೀನೇ ಮಾಡು, ಎಡಕ್ಕೆ ಹೋಗೋದು, ಕೆಳಗೆ ಇಳಿಯೋದು ಎಲ್ಲಾ ಮಾಡು ಅಂತ ಕಳಿಸ್ದೆ.

ರಾತ್ರಿ ಹತ್ತೂವರೆಗೆ ವಾಟ್ಸಾಪಲ್ಲಿ ಒಂದು ಫೋಟೋ. ಅವಳು ಅದೇ ಗೆರೆನ ಉಲ್ಟಾ ಎಳೆದಿದ್ಳು, ಎಂಟು ಮೂರರಿಂದ ಶುರು ಮಾಡಿ ಸೊನ್ನೆ ಸೊನ್ನೆಗೆ. ಹೋಗೋ ಗೆರೆ ನೀಲಿ ಪೆನ್ನಲ್ಲಿ, ಬರೋ ಗೆರೆ ಕೆಂಪಲ್ಲಿ. "ಅಕ್ಕ, ಒಂದು ಮನೆ ಬೇರೆ ಬಂತು, ನಾನು ಮೂರು ಸಲ ಮಾಡ್ದೆ, ಮೂರು ಸಲಾನೂ ಬೇರೇನೇ." ಹೌದು, ಎಂಟು ಮನೆ ಎರಡಕ್ಕೂ ಒಂದೇ, ಮಧ್ಯದ್ದು ಮಾತ್ರ ನೀಲೀಲಿ 4, 2, ಕೆಂಪಲ್ಲಿ 4, 1. ನಾನು ಇಷ್ಟು ವರ್ಷದಲ್ಲಿ ಒಂದ್ಸಲಾನೂ ಉಲ್ಟಾ ಮಾಡಿ ನೋಡಿರ್ಲಿಲ್ಲ. ಲೆಕ್ಕ ಹಾಕಿದ್ರೆ ಅವಳು ಮಾಡಿದ್ದೇ ಸರಿ. ನಾಲ್ಕನೇ ಮನೇಲಿ ನಿಜವಾದ ಗೆರೆ ಸರಿಯಾಗಿ ಒಂದೂವರೇಲಿ ಹಾದುಹೋಗುತ್ತೆ, ಸಂಖ್ಯೆ ಸೊನ್ನೆ ಆಗಿದ್ದು ಅಲ್ಲೇ, ಮೇಲಿನ ಮನೆ ಕೆಳಗಿನ ಮನೆ ಎರಡೂ ಅಷ್ಟೇ ಹತ್ತಿರ, ಸೊನ್ನೆ ಬಂದ್ರೆ ಹೆಜ್ಜೆ ಹಾಕು ಅನ್ನೋದು ನಿಯಮ, ಹತ್ತುವಾಗ ಹೆಜ್ಜೆ ಅಂದ್ರೆ ಮೇಲಕ್ಕೆ, ಇಳಿಯುವಾಗ ಕೆಳಕ್ಕೆ.

ನಾನು ಅದನ್ನ ಟೈಪ್ ಮಾಡ್ತಿರೋವಾಗಲೇ ಅವಳದ್ದು ಇನ್ನೊಂದು ಮೆಸೇಜ್ ಬಂತು. "ಹಂಗಾದ್ರೆ ಒಂದು ಕಡೆಯಿಂದ ಗೆರೆ ಎಳೆದು, ಇನ್ನೊಂದು ಕಡೆಯಿಂದ ಹಿಂದಿನ ಬಣ್ಣದಲ್ಲಿ ಅಳಿಸಿದ್ರೆ ಒಂದು ಚುಕ್ಕಿ ಉಳ್ಕೊಂಡ್ಬಿಡುತ್ತಲ್ವಾ ಅಕ್ಕ?"

ಉಳ್ಕೊಳ್ಳುತ್ತೆ ಅಂತ ಬರೆದೆ. ನಾಳೆ ಕೋಡ್ ಬರೆದು ಉಳಿಸಿ ತೋರಿಸ್ತೀನಿ ಅಂದ್ಳು. ಪಿಡಿಎಫ್ ಬಗ್ಗೆ ಅವಳೂ ಕೇಳ್ಲಿಲ್ಲ, ನಾನೂ ಎತ್ಲಿಲ್ಲ.