ಹದಿನೆಂಟರ ಕೈಯಲ್ಲಿ ಮುಪ್ಪಿನ ಪ್ರಬಂಧ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರಹಗಳನ್ನು ಆರಿಸುವ ಹೊತ್ತಿನಲ್ಲಿ ಸಹೋದ್ಯೋಗಿಗಳೂ, ಅಂತರಕಾಲೇಜು ಪ್ರಬಂಧ ಸ್ಪರ್ಧೆಗಳಲ್ಲಿ ನನ್ನ ಪಕ್ಕ ಕುಳಿತು ಅಂಕ ಹಾಕುವವರೂ, ಒಮ್ಮೊಮ್ಮೆ ಮಕ್ಕಳ ತಂದೆತಾಯಿಯರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ. ‘ಇವರಿಗೆ ಈಗಷ್ಟೇ ಹದಿನೆಂಟು ತುಂಬಿದೆ, ಬರೆಯುವುದು ನೋಡಿದರೆ ಮುಪ್ಪು, ಮುಸ್ಸಂಜೆ, ಬೆಳಕು, ಭರವಸೆ. ಇವರಿಗೆ ಅದೆಲ್ಲ ಏನು ಗೊತ್ತು? ಎಲ್ಲಿಂದ ಕದಿಯುತ್ತಾರೆ?’ ಬೆಂಗಳೂರಿನ ದಕ್ಷಿಣ ಭಾಗದ ಪದವಿ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಮಾಡುತ್ತಿರುವ ನಾನು ಬಹಳ ಕಾಲ ಈ ಪ್ರಶ್ನೆಗೆ ನಕ್ಕು ಸುಮ್ಮನಾಗುತ್ತಿದ್ದೆ, ಏಕೆಂದರೆ ಒಳಗೊಳಗೆ ನನಗೂ ಅದೇ ಅನುಮಾನವಿತ್ತು. ಈಗ ನನ್ನ ಉತ್ತರ ಬೇರೆ. ಪದಗಳನ್ನು ಅವರು ಕದಿಯುವುದು ನಿಜ. ವಿಷಯವನ್ನು ಮಾತ್ರ ಕದ್ದಿಲ್ಲ.

ಮೊದಲು ಕದ್ದ ಸರಕಿನ ಮಾತು. ಉತ್ತರಪತ್ರಿಕೆಗಳ ಒಂದು ಕಟ್ಟು ಬಿಚ್ಚಿದರೆ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ‘ಬಾಳಿನ ಮುಸ್ಸಂಜೆಯಲ್ಲಿ ನಿಂತ ಜೀವ’ ಇರುತ್ತದೆ, ‘ಆಶಾಕಿರಣ’ ಇರುತ್ತದೆ, ಕೊನೆಯ ಸಾಲಿನಲ್ಲಿ ‘ಭರವಸೆಯ ಬೆಳಕು’ ತಪ್ಪದೆ ಹೊತ್ತಿಕೊಳ್ಳುತ್ತದೆ. ಈ ಅಭ್ಯಾಸಕ್ಕೆ ಮಕ್ಕಳನ್ನು ದೂರುವ ಮೊದಲು ನಾವು ಅವರಿಗೆ ಕಲಿಸಿದ್ದೇನು ಎಂದು ನೋಡಿಕೊಳ್ಳಬೇಕು. ಎಸ್ಸೆಸ್ಸೆಲ್ಸಿಯವರೆಗೆ ಅವರು ಬರೆದ ಪ್ರತಿಯೊಂದು ಪ್ರಬಂಧಕ್ಕೂ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಕಂಬಗಳನ್ನು ನಾವೇ ನೆಟ್ಟುಕೊಟ್ಟಿದ್ದೇವೆ. ವಿಷಯ ಜಲಮಾಲಿನ್ಯವಾಗಿರಲಿ, ವರದಕ್ಷಿಣೆಯಾಗಿರಲಿ, ವೃದ್ಧಾಪ್ಯವಾಗಿರಲಿ, ಉಪಸಂಹಾರದಲ್ಲಿ ಒಳ್ಳೆಯದಾಗಲಿ ಎಂದು ಹಾರೈಸದಿದ್ದರೆ ಅಂಕ ಹೋಗುತ್ತದೆ ಎಂಬ ಭಯದಲ್ಲಿ ಬೆಳೆದವರಿಗೆ ಭರವಸೆ ಎಂಬುದು ಮನಸ್ಸಿನ ಸ್ಥಿತಿಯಾಗುವುದಕ್ಕೆ ಮುಂಚೆಯೇ ಕೊನೆಯ ಪ್ಯಾರಾದ ಹೆಸರಾಗಿಬಿಟ್ಟಿದೆ. ಸರ್ಕಾರವೂ ಹಾಗೆಯೇ ಬರೆಯುತ್ತದೆ, ನೋಡಿ. 2007ರಲ್ಲಿ ಆರಂಭವಾದ, 65 ದಾಟಿದ ಬಡವರಿಗೆ ಪಿಂಚಣಿ ಕೊಡುವ ಯೋಜನೆಗೆ ‘ಸಂಧ್ಯಾ ಸುರಕ್ಷಾ’ ಎಂದು ಹೆಸರು. 2023ರಲ್ಲಿ ಮನೆಮನೆಗೆ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಟ್ಟ ಯೋಜನೆ ‘ಗೃಹಜ್ಯೋತಿ’. ವಿಧಾನಸೌಧಕ್ಕೇ ಮುಪ್ಪು ಸಂಜೆಯಾಗಿಯೂ ಕರೆಂಟು ಜ್ಯೋತಿಯಾಗಿಯೂ ಕಾಣುವಾಗ ಬಿ.ಕಾಂ. ಓದುವ ಹುಡುಗನೊಬ್ಬನನ್ನು ಸವಕಲು ರೂಪಕಕ್ಕಾಗಿ ಹಿಡಿದು ನಿಲ್ಲಿಸುವುದು ನ್ಯಾಯವಲ್ಲ.

ಇನ್ನು, ಎಳೆಯರು ಮುಪ್ಪಿನ ಬಗ್ಗೆ ಬರೆಯಬಾರದು ಎಂಬ ಆಕ್ಷೇಪ. ಮುದಿ ರಾಜನೊಬ್ಬ ಮತ್ತೆ ಕಡಲಿಗಿಳಿಯಲು ಹಂಬಲಿಸುವ ‘ಯುಲಿಸಿಸ್’ ಕವಿತೆಯನ್ನು ಇಂಗ್ಲಿಷ್ ಕವಿ ಟೆನಿಸನ್ 1833ರಲ್ಲಿ, ಆಪ್ತ ಗೆಳೆಯ ಹ್ಯಾಲಮ್ ತೀರಿಕೊಂಡ ಕೆಲವೇ ವಾರಗಳಲ್ಲಿ ಬರೆದಾಗ ಅವನಿಗೆ 24 ವರ್ಷ. ತಲೆ ಬೋಳಾಗುತ್ತಿದೆ, ವಯಸ್ಸಾಗುತ್ತಿದೆ ಎಂದು ಕವಿತೆಯೊಂದರಲ್ಲಿ ಕೊರಗುವ ಪ್ರುಫ್ರಾಕ್‌ನನ್ನು ಕವಿ ಎಲಿಯಟ್ ಬರೆದು ಮುಗಿಸಿದ್ದು 1911ರಲ್ಲಿ, ಅವನ 22ನೆಯ ವಯಸ್ಸಿನಲ್ಲಿ. ನಮ್ಮ ಮಕ್ಕಳಲ್ಲಿ ಅನೇಕರು ಶಾಲೆಯ ಪ್ರಾರ್ಥನೆಯಲ್ಲಿ ಹಾಡಿ ಬಂದಿರುವ, ಬಿ.ಎಂ.ಶ್ರೀ. ಅವರು ಕನ್ನಡಕ್ಕೆ ತಂದ ಕರುಣಾಳು ಬೆಳಕಿನ ಗೀತೆಯ ಮೂಲವೂ ಅದೇ 1833ರದು. ಸಿಸಿಲಿಯಲ್ಲಿ ಕಾಯಿಲೆ ಬಿದ್ದು ಎದ್ದು, ಊರಿಗೆ ಮರಳುವ ಹಡಗಿನಲ್ಲಿ ಗಾಳಿಯಿಲ್ಲದೆ ನಿಂತುಹೋಗಿದ್ದಾಗ ಅದನ್ನು ಬರೆದ ಇಂಗ್ಲಿಷ್ ಪಾದ್ರಿ ನ್ಯೂಮನ್ನನಿಗೆ 32. ಆ ಗೀತೆ ಬೇಡುವುದು ಒಂದೇ ಒಂದು ಹೆಜ್ಜೆಗೆ ಸಾಲುವಷ್ಟು ಬೆಳಕನ್ನು. ದೂರದ ದಾರಿ ಕಾಣಲಿ ಎಂದು ಅದು ಕೇಳುವುದಿಲ್ಲ. ಹತ್ತು ವರ್ಷ ಅದನ್ನು ಸಾಲಾಗಿ ನಿಂತು ಹಾಡಿದವರು ಪ್ರಬಂಧದಲ್ಲಿ ಮಾತ್ರ ಒಂದೇ ಏಟಿಗೆ ಜಗತ್ತನ್ನೆಲ್ಲ ಬೆಳಗಿಸಲು ಹೊರಡುವುದು ನನಗೆ ಇವತ್ತಿಗೂ ಸೋಜಿಗ.

ಆದರೆ ದೊಡ್ಡವರ ಉದಾಹರಣೆಯಿಂದ ನನ್ನ ಅನುಮಾನ ಕಳೆಯಲಿಲ್ಲ. ಅದನ್ನು ಕಳೆದದ್ದು ನಾನೇ ಮಾಡಿದ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ಹುಡುಗನೊಬ್ಬ ತನ್ನ ಅಜ್ಜನ ಬಗ್ಗೆ ಎರಡು ಪುಟ ಬರೆದುಕೊಟ್ಟಿದ್ದ. ಮುಸ್ಸಂಜೆ, ಒಣಗಿದ ಮರ, ಆರುವ ದೀಪ ಎಲ್ಲವೂ ಇದ್ದವು. ‘ಹಿರಿಯ ಜೀವಗಳಿಗೆ ನಾವು ಬೆಳಕಾಗೋಣ’ ಎಂದು ಮುಗಿದಿತ್ತು. ನಾನು ಕೆಂಪು ಶಾಯಿಯಲ್ಲಿ ‘ಅನುಭವದ ಕೊರತೆ ಎದ್ದು ಕಾಣುತ್ತದೆ’ ಎಂದು ಬರೆದು ಹಿಂತಿರುಗಿಸಿದೆ. ಸೆಮಿಸ್ಟರಿನ ಕೊನೆಗೆ ಅವನ ಹಾಜರಿ ಕಡಿಮೆ ಬಿದ್ದು, ಕಾರಣ ಕೇಳಲು ಕರೆಸಿದಾಗ ತಿಳಿಯಿತು. ತಂದೆತಾಯಿ ಇಬ್ಬರೂ ಏಳೂವರೆಗೆಲ್ಲ ಮನೆ ಬಿಡುತ್ತಾರೆ. ಅಜ್ಜನಿಗೆ ಬೆಳಗಿನ ತಿಂಡಿಗೆ ಮುಂಚೆ ಇನ್ಸುಲಿನ್ ಚುಚ್ಚುವವನು ಇವನು. ಅಜ್ಜ ಏಳುವುದೇ ತಡ, ಹಾಗಾಗಿ ಮೊದಲನೆಯ ತರಗತಿ ತಪ್ಪುತ್ತದೆ. ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟುತ್ತದೆಂದು ಒಂದು ದಿನ ಹೊಟ್ಟೆಯ ಎಡಕ್ಕೆ, ಒಂದು ದಿನ ಬಲಕ್ಕೆ ಬದಲಾಯಿಸುತ್ತಾನೆ, ಮರೆಯದಿರಲೆಂದು ಕ್ಯಾಲೆಂಡರಿನಲ್ಲಿ ‘ಎ’, ‘ಬ’ ಎಂದು ಗುರುತು ಹಾಕುತ್ತಾನೆ. ಚುಚ್ಚುವಾಗ ಅಜ್ಜ ಪ್ರತಿದಿನವೂ ಗೋಡೆಯ ಕಡೆ ಮುಖ ತಿರುಗಿಸಿ, ಎಂದೋ ಮಾರಿದ ಎತ್ತುಗಳ ಬೆಲೆಯನ್ನು ಹೇಳುತ್ತಾರಂತೆ. ‘ಇದನ್ನೆಲ್ಲ ಯಾಕೆ ಬರೆಯಲಿಲ್ಲ?’ ಎಂದು ಕೇಳಿದೆ. ಅವನು ನಿಜವಾಗಿ ಆಶ್ಚರ್ಯಪಟ್ಟ. ‘ಅದೆಲ್ಲ ಪ್ರಬಂಧದಲ್ಲಿ ಬರೆಯೋದಾ ಮೇಡಂ?’

ಎಲ್ಲಿಂದ ಕದಿಯುತ್ತಾರೆ ಎಂದು ಕೇಳುವವರಿಗೆ ನಾನು ಈಗ ಹೇಳುವುದು ಈ ಹುಡುಗನ ಕತೆಯನ್ನೇ. ಬೆಂಗಳೂರಿನ ಎರಡು ಕೋಣೆಯ ಮನೆಗಳಲ್ಲಿ ಮುಪ್ಪಿನ ಜೊತೆ ಅತಿ ಹೆಚ್ಚು ಹೊತ್ತು ಕಳೆಯುವವರು ಹದಿನೆಂಟು ಇಪ್ಪತ್ತರ ಈ ಮಕ್ಕಳು. ನಡುವಯಸ್ಸಿನ ನಾವು ಹೊರವರ್ತುಲ ರಸ್ತೆಯಲ್ಲೋ ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲೋ ಸಿಕ್ಕಿಕೊಂಡಿರುತ್ತೇವೆ. ಮಧ್ಯಾಹ್ನ ಕಾಲೇಜು ಬಿಟ್ಟು ಮನೆಗೆ ಹೋಗುವ ಮಕ್ಕಳಿಗೆ ಬಾಗಿಲು ತೆಗೆಯುವವರು ಅಜ್ಜಿಯೋ ತಾತನೋ. ಅವರಲ್ಲಿ ಹಲವರು ಜೊತೆಯವರನ್ನು ಕಳೆದುಕೊಂಡ ಮೇಲೆ ತುಮಕೂರು, ಹಾಸನ, ಮಂಡ್ಯದ ಕಡೆಯ ಊರುಗಳಿಂದ ಮಗನ ಮನೆಗೆ ಬಂದವರು. ಜಗಲಿಯಿಲ್ಲದ ಮೂರನೆಯ ಮಹಡಿಯಲ್ಲಿ, ಹೆಸರು ಗೊತ್ತಿಲ್ಲದ ಬೀದಿಯನ್ನು ಬಾಲ್ಕನಿಯಿಂದ ನೋಡುತ್ತ ಕೂರುವವರು. ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಎನ್ನುವುದು ಮಗನಿಗಿಂತ ಮೊಮ್ಮಗಳಿಗೆ ಚೆನ್ನಾಗಿ ಗೊತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಹತ್ತು ಅಂಕಕ್ಕೆ ವಿಸ್ತರಿಸಿ ಬಂದವರಿಗೆ ತಮ್ಮ ಬುಡದಲ್ಲೇ ಇರುವುದು ಬರೆಯಲು ತಕ್ಕ ವಸ್ತು ಎಂದು ಯಾರೂ ಹೇಳಿಲ್ಲ.

ಆ ವರ್ಷದಿಂದ ನಾನು ಪ್ರಬಂಧದ ವಿಷಯ ಕೊಡುವ ರೀತಿ ಬದಲಾಯಿತು. ‘ಬೆಳಕು’ ಎಂದು ಕೊಟ್ಟರೆ ಬರುವುದು ಆಶಾಕಿರಣವೇ ಆದ್ದರಿಂದ ‘ನಿಮ್ಮ ಮನೆಯಲ್ಲಿ ಯಾವ ಸ್ವಿಚ್ಚನ್ನು ಯಾರು ಹಾಕುತ್ತಾರೆ, ಯಾರು ಆರಿಸುತ್ತಾರೆ’ ಎಂದು ಕೊಟ್ಟೆ. ಮೊದಲ ಸಲ ತರಗತಿಯೆಲ್ಲ ನಕ್ಕಿತು. ಆಮೇಲೆ ಬಂದ ಬರಹಗಳಲ್ಲಿ ಒಂದು ನನ್ನ ಮೇಜಿನ ಖಾನೆಯಲ್ಲಿ ಇನ್ನೂ ಇದೆ.

ಬರೆದವಳ ಅಜ್ಜಿ ತುರುವೇಕೆರೆ ಕಡೆಯವರು. ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಗಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಬೆಳಕು ಬಂದಿತ್ತಾದರೂ ಆ ಅಜ್ಜಿಯ ಮನೆಗೆ ಕರೆಂಟು ಬಂದದ್ದು ಅವರು ಮದುವೆಯಾಗಿ ಬಂದು ಎರಡು ಮಕ್ಕಳಾದ ಮೇಲೆ. ಅಲ್ಲಿಯವರೆಗೆ ಸಂಜೆಗೊಮ್ಮೆ ಲಾಟೀನಿನ ಗಾಜನ್ನು ಬೂದಿಯಲ್ಲಿ ಉಜ್ಜುವುದು ಅವರ ಪಾಲಿನ ಕೆಲಸ. ನಡುಮನೆಯಲ್ಲಿ ಮೊದಲ ಬಲ್ಬು ಹೊತ್ತಿಕೊಂಡ ರಾತ್ರಿ ಮನೆಯವರೆಲ್ಲ ಬಲ್ಬನ್ನೇ ನೋಡುತ್ತ ನಿಂತಿದ್ದರೆ, ಅಜ್ಜಿ ಮಾತ್ರ ತೊಲೆಗಳ ಮೇಲಿನ ಮಸಿಯನ್ನೂ ಜೇಡರ ಬಲೆಯನ್ನೂ ಕಂಡು ನಾಚಿ, ಬೆಳಗಾಗುವುದನ್ನೂ ಕಾಯದೆ ಪೊರಕೆ ಹಿಡಿದರಂತೆ. ಅರ್ಧ ಶತಮಾನ ಕಳೆದು, ಬೆಂಗಳೂರಿನ ಮಗನ ಮನೆಯಲ್ಲಿದ್ದಾಗ ಅವರಿಗೆ ಕಣ್ಣಿನ ಪೊರೆ ಬೆಳೆಯಿತು. ಶಸ್ತ್ರಚಿಕಿತ್ಸೆಯ ಮಾರನೆಯ ದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವರು ಕೇಳಿದ ಮೊದಲ ಮಾತು ‘ಟ್ಯೂಬ್‌ಲೈಟು ಹೊಸದು ಹಾಕ್ಸಿದ್ರಾ?’ ಎರಡನೆಯದು, ವರ್ಷಗಳಿಂದ ಹಸಿರೆಂದು ತಿಳಿದು ಉಡುತ್ತಿದ್ದ ಸೀರೆಯನ್ನು ಎತ್ತಿ ಹಿಡಿದು, ‘ಇದು ನೀಲಿ ಕಣೇ!’ ಮೂರನೆಯದಕ್ಕೆ ಮಾತಿಲ್ಲ. ಬಗ್ಗಬೇಡಿ ಎಂದು ವೈದ್ಯರು ಹೇಳಿದ್ದರೂ ಕೇಳದೆ, ಗ್ಯಾಸ್ ಕಟ್ಟೆಯ ಸಂದಿಯಲ್ಲಿ ಕಂಡ ಜಿಡ್ಡನ್ನು ಉಜ್ಜಲು ಬಗ್ಗಿಬಿಟ್ಟರು. ‘ಬೆಳಕು ಬಂದಾಗಲೆಲ್ಲ ನಮ್ಮಜ್ಜಿಗೆ ಕೆಲಸ ಹೆಚ್ಚಾಗಿದೆ’ ಎಂದು ಹುಡುಗಿ ಬರೆದಿದ್ದಳು.

ಅವಳು ಕಂಡದ್ದು ಕಲ್ಪನೆಯೂ ಅಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗೆ ತಿರುಗಿ ನೀಲಿಯನ್ನು ಹೆಚ್ಚು ಹೆಚ್ಚಾಗಿ ತಡೆಯುತ್ತದೆ; ಹಾಗಾಗಿ ಅದೇ ಪುಟವನ್ನು ಓದಲು ಎಳೆಯರಿಗಿಂತ ಹಿರಿಯರಿಗೆ ಹೆಚ್ಚು ಬೆಳಕು ಬೇಕು. ಹಳೆಯ ಮಸೂರ ತೆಗೆದು ಕೃತಕ ಮಸೂರ ಕೂರಿಸಿದಾಗ ನೀಲಿಯೂ ಬಿಳಿಯೂ ಒಮ್ಮೆಲೇ ಮರಳುತ್ತವೆ. ಮುಪ್ಪೆಂದರೆ ಕತ್ತಲೆ ಎಂದು ಬರೆಯುವ ಮಕ್ಕಳಿಗೆ ನಾನು ಇಷ್ಟನ್ನು ಹೇಳಿಕೊಡುತ್ತೇನೆ. ಅಜ್ಜ ಹಗಲಿನಲ್ಲೂ ಲೈಟು ಹಾಕಿಕೊಂಡು ಪೇಪರು ಓದುವುದು ಯಾಕೆಂದು ಅವರಿಗೆ ಆಗ ಹೊಳೆಯುತ್ತದೆ. ಬಿಲ್ಲು ಬರುವುದಿಲ್ಲ ಎಂದು ಗೊತ್ತಿದ್ದರೂ ಅಜ್ಜಿ ಹಿಂದೆಯೇ ಬಂದು ಅದನ್ನು ಆರಿಸುವುದು ಯಾಕೆಂದು ಮಾತ್ರ ಯಾವ ವಿಜ್ಞಾನವೂ ಹೇಳಲಾರದು.

ಆರಿಸುವುದು ಎಂದೆ. ಹಿರಿಯರು ಹಾಗೆ ಹೇಳುವುದಿಲ್ಲ, ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ಅಶುಭವನ್ನು ಬಾಯಲ್ಲಿ ಆಡಬಾರದೆಂದು ಆರುವುದನ್ನು ದೊಡ್ಡದಾಗುವುದು ಎಂದು ಕರೆಯುವ ಈ ಮಾತಿನಲ್ಲಿ ಇರುವಷ್ಟು ಆಸೆ ನಮ್ಮ ಉಪಸಂಹಾರಗಳಲ್ಲಿ ಇಲ್ಲ. ಆಸೆ ಎಂಬ ಪದವನ್ನು ಬೇಕೆಂದೇ ಬಳಸಿದೆ. ಭರವಸೆ ಈಚೆಗೆ ಮಂತ್ರಿಗಳು ಕೊಡುವ ವಸ್ತುವಾಗಿಬಿಟ್ಟಿದೆ. ಮನೆಯ ಮಾತಿನಲ್ಲಿ ಅದು ಅಷ್ಟಾಗಿ ಇಲ್ಲ. ಡಾಕ್ಟರು ‘ಆಸೆ ಇಟ್ಟುಕೋಬೇಡಿ’ ಎನ್ನುತ್ತಾರೆ, ಅಜ್ಜಿ ‘ಇನ್ನೊಂದು ಸಲ ಊರು ನೋಡೋ ಆಸೆ’ ಎನ್ನುತ್ತಾರೆ. ಇಂಥಲ್ಲಿ ಆಸೆಯನ್ನು ಕೊಯ್ದು ‘ಭರವಸೆ’ಯನ್ನು ಅಂಟಿಸಿದ ಮಕ್ಕಳ ವಾಕ್ಯಗಳನ್ನು ತಿದ್ದುವಾಗ ನಾನು ಮೂಲ ಪದವನ್ನು ಮತ್ತೆ ಬರೆಸುತ್ತೇನೆ.

ಮುಪ್ಪನ್ನು ಮುಪ್ಪೆನ್ನದೆ ಹೇಗೆ ಹೇಳಬೇಕು ಎಂದು ಕೇಳುವವರಿಗೆ ತೋರಿಸಲು 12ನೆಯ ಶತಮಾನದ ಬಸವಣ್ಣನವರ ವಚನವೊಂದಿದೆ. ಅದರಲ್ಲಿ ಕೆನ್ನೆಯ ನರೆ, ಗಲ್ಲದ ಸುಕ್ಕು, ಬಿದ್ದ ಹಲ್ಲು, ಬಾಗಿದ ಬೆನ್ನು, ಕಾಲ ಮೇಲೆ ಊರಿದ ಕೈ, ಹಿಡಿದ ಕೋಲು ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ. ಮುಪ್ಪು ಎಂಬ ಪದ ಬರುವುದು ಇವೆಲ್ಲ ಆದ ಮೇಲೆ, ಸಾವಿಗೆ ಒಂದೇ ಹೆಜ್ಜೆ ಮುಂಚೆ. ಅದನ್ನು ಓದಿಸಿ ‘ನೀವು ಆ ಪದವನ್ನು ಮೊದಲ ಸಾಲಿನಲ್ಲೇ ಖರ್ಚು ಮಾಡುತ್ತೀರಿ’ ಎಂದರೆ ಸಾಕು, ಬೇರೆ ವಿವರಣೆ ಬೇಕಾಗುವುದಿಲ್ಲ. ಎಲ್ಲರೂ ಬದಲಾಗುತ್ತಾರೆ ಎಂದೇನಲ್ಲ. ಈ ವರ್ಷವೂ ಮುಸ್ಸಂಜೆಗಳು ಬಂದಿವೆ, ಬರಲಿ. ಕೆಲವರಿಗೆ ಮನೆಯ ಮಾತನ್ನು ಹೊರಗೆ ಇಡಲು ಮುಜುಗರ, ಆ ಮುಜುಗರಕ್ಕೂ ನಾನು ಬೆಲೆ ಕೊಡುತ್ತೇನೆ.

ಕಳೆದ ಬಾರಿಯ ಕಟ್ಟಿನಲ್ಲಿ ಗವಿಪುರದ ಹತ್ತಿರ ಇರುವ ಹುಡುಗಿಯೊಬ್ಬಳ ಬರಹವಿತ್ತು. ಮಕರ ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಕೆಲವೇ ನಿಮಿಷ ಲಿಂಗವನ್ನು ಮುಟ್ಟುತ್ತದೆ, ಮೋಡವಿದ್ದರೆ ಅದೂ ಇಲ್ಲ. ಅವಳ ತಾತ ಚಿಕ್ಕಂದಿನಿಂದ ತಪ್ಪದೆ ನೋಡಿದವರು. ಮಂಡಿನೋವು ಬಂದ ಮೇಲೆ ಆ ತಗ್ಗು ಗವಿಯ ನೂಕುನುಗ್ಗಲು ಆಗದೆಂದು ಟೀವಿಯಲ್ಲಿ ನೋಡುತ್ತಾರೆ, ಮನೆಯಿಂದ ಗುಡಿಗೆ ಹತ್ತು ನಿಮಿಷದ ನಡಿಗೆಯಾದರೂ. ಕಿರಣ ಸರಿದುಹೋದ ಕೂಡಲೇ ಪ್ರತಿವರ್ಷ ಒಂದೇ ಮಾತು, ‘ಬರೋ ವರ್ಷ ಹೋಗೋಣ, ಮಧ್ಯಾಹ್ನಕ್ಕೇ ಹೋಗಿ ಜಾಗ ಹಿಡೀಬೇಕು.’ ಈ ಸಲ ಅದರ ಜೊತೆಗೆ, ಬರುವ ವರ್ಷ ಹಬ್ಬ ಹದಿನಾಲ್ಕಕ್ಕೋ ಹದಿನೈದಕ್ಕೋ ನೋಡು ಎಂದರಂತೆ. ಅಷ್ಟು ಮುಂದಿನ ಕ್ಯಾಲೆಂಡರು ಇನ್ನೂ ಅಚ್ಚೇ ಆಗಿಲ್ಲ ತಾತ ಎಂದಳಂತೆ. ‘ಫೋನಲ್ಲಿ ಇರತ್ತೆ ನೋಡು’ ಎಂದರಂತೆ. ಬರಹ ಅಲ್ಲಿಗೆ ನಿಂತಿತ್ತು. ‘ಉಪಸಂಹಾರ ಬರೆದಿಲ್ಲ ಮೇಡಂ, ಅಂಕ ಕಳೀತೀರಾ?’ ಎಂದು ಕೇಳಲು ಸ್ಟಾಫ್ ರೂಮಿನವರೆಗೂ ಬಂದಿದ್ದಳು. ಅದಕ್ಕೆ ಕಳೆಯಲಿಲ್ಲ. ಸಂಕ್ರಾಂತಿಯ ಸೊನ್ನೆಯನ್ನು ಮೂರು ಕಡೆ ಬಿಟ್ಟಿದ್ದಳು, ಅರ್ಧ ಅಂಕ ಹೋಗಿದ್ದು ಅದಕ್ಕೆ.