ಎರಡು ಕಂತಿನ ನೋವು

ಇಂದು ಬೆಳಿಗ್ಗೆ ರೊಟ್ಟಿ ತಿರುವಿ ಹಾಕುವ ಆತುರದಲ್ಲಿ ತೋರುಬೆರಳು ಕಾದ ಹಂಚಿನ ಅಂಚಿಗೆ ತಗುಲಿತು. ಬಿಸಿಯೆಂದು ನನಗೆ ತಿಳಿಯುವ ಮೊದಲೇ ಕೈ ಹಿಂದಕ್ಕೆ ಬಂದಿತ್ತು. ಆ ತೀರ್ಮಾನ ಮಿದುಳಿನದ್ದಲ್ಲ. ಬೆರಳಿನಿಂದ ಹೊರಟ ಸುದ್ದಿಗೆ ಬೆನ್ನುಹುರಿಯೇ ಉತ್ತರ ಕೊಟ್ಟು ತೋಳಿನ ಸ್ನಾಯುವನ್ನು ಸೆಳೆದಿತ್ತು, ಮಿದುಳಿಗೆ ವರದಿ ತಲುಪಿದ್ದು ಆಮೇಲೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ನೋವು ಎರಡು ಕಂತಿನಲ್ಲಿ ಬಂದ ರೀತಿ. ಮೊದಲು ಸೂಜಿ ಚುಚ್ಚಿದಂತೆ ಚುರುಕ್ಕೆಂದಿತು; ಒಂದು ಗಳಿಗೆ ಏನೂ ಇಲ್ಲವೆನ್ನಿಸಿ, ಬಳಿಕ ಉರಿ ನಿಧಾನವಾಗಿ ಹರಡಿತು. ಚುರುಕನ್ನು ತರುವ, ಮಯಲಿನ್ ಎಂಬ ಕೊಬ್ಬಿನಂಶದ ತೆಳುವಾದ ಹೊದಿಕೆಯ ನರತಂತುಗಳು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಸಾಗಿಸಿದರೆ, ಉರಿಯನ್ನು ತರುವ, ಹೊದಿಕೆಯಿಲ್ಲದ ಸಿ ತಂತುಗಳ ವೇಗ 2 ಮೀಟರನ್ನು ದಾಟುವುದು ಅಪರೂಪ, ಅಂದರೆ ಹೆಚ್ಚುಕಡಿಮೆ ನಮ್ಮ ನಡಿಗೆಯ ವೇಗ. ಬೆರಳಿನಿಂದ ಕುತ್ತಿಗೆಗೆ ಇರುವ ಒಂದು ಮೀಟರಿಗೂ ಕಡಿಮೆ ದಾರಿಯನ್ನು ಆ ಉರಿ ಸಂತೆ ಮುಗಿಸಿ ಮನೆಗೆ ಮರಳುವವರ ಹಾಗೆ ನಡೆದುಕೊಂಡೇ ಬಂದಿತ್ತು.

ನಲ್ಲಿಯ ಕೆಳಗೆ ಬೆರಳು ಹಿಡಿದು ಈ ಲೆಕ್ಕ ಹಾಕುತ್ತಿದ್ದಾಗ ರೊಟ್ಟಿ ಸೀದುಹೋಯಿತು; ಅದರ ವಾಸನೆ ನನ್ನ ಅರಿವಿಗೆ ಬಂದದ್ದು ಉರಿಗಿಂತಲೂ ತಡವಾಗಿ.